ಮಗಳು ಹಾಸ್ಟೆಲ್‌ಗೆ ಹೊರಟಿದ್ದಾಳೆ: ಅಮ್ಮನ ಯಾವ ಕೆಲಸವನ್ನು ಯಾವಾಗ ಬಿಡಬೇಕು?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳ ದ್ವಿತೀಯ ಪಿಯುಸಿ ಮುಗಿಯಿತು. ಸಿಇಟಿ ಬರೆದಿದ್ದಾಳೆ. ಸೀಟು ಎಲ್ಲಿ ಸಿಕ್ಕರೂ ಈ ವರ್ಷ ಹಾಸ್ಟೆಲ್ ಖಂಡಿತ. ಮಗ ಎಂಟನೇ ಕ್ಲಾಸು. ಒಂದೇ ಮನೆಯಲ್ಲಿ ಇವರಿಬ್ಬರಿಗೂ ಬೇರೆ ಬೇರೆ ಥರದ ಅಮ್ಮ ಬೇಕು ಅನ್ನುವುದು ಈಚೆಗೆ ಚೆನ್ನಾಗಿ ಗೊತ್ತಾಗುತ್ತಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಗು ಹುಟ್ಟಿದಾಗ ಅಮ್ಮನಿಗೆ ಹೇಳಿಕೊಡಲು ಎಷ್ಟೊಂದು ಜನ ಇರುತ್ತಾರೆ! ಬಾಣಂತನಕ್ಕೆ ತವರು, ಎಣ್ಣೆ ನೀರಿಗೆ ಅಜ್ಜಿ, ಚುಚ್ಚುಮದ್ದಿನ ದಿನ ನೆನಪಿಸಲು ಆಶಾ ಕಾರ್ಯಕರ್ತೆ. ತಾಯಿ ಕಾರ್ಡಿನಲ್ಲಿ ಎಲ್ಲ ಬರೆದೇ ಇರುತ್ತದೆ. ಆರು ತಿಂಗಳು ತುಂಬಿದ ಮೇಲೆ ಮೇಲಾಹಾರ, ಒಂಬತ್ತು ತಿಂಗಳಿಗೆ ದಡಾರದ ಲಸಿಕೆ. ಶುರು ಮಾಡುವುದಕ್ಕೆಲ್ಲ ದಿನ ಗೊತ್ತು. ನಿಲ್ಲಿಸುವುದಕ್ಕೆ ಮಾತ್ರ ಯಾರೂ ದಿನ ಹೇಳುವುದಿಲ್ಲ. ಸ್ಕೂಲ್ ಬ್ಯಾಗು ತೆಗೆದು ನೋಡುವುದನ್ನು ಯಾವ ವಯಸ್ಸಿಗೆ ಬಿಡಬೇಕು? ಡಾಕ್ಟರ ಕೋಣೆಯೊಳಗೆ ಜೊತೆಗೆ ಹೋಗುವುದನ್ನು? 'ಯಾರ ಫೋನು ಅದು' ಅಂತ ಕೇಳುವುದನ್ನು?

ನಾನು ಗಟ್ಟಿಯಾಗಿ ನಂಬಿರುವುದು ಇಷ್ಟು. ಎಲ್ಲವನ್ನೂ ಹಾಸ್ಟೆಲ್ ಬಾಗಿಲಲ್ಲಿ ಒಂದೇ ದಿನ ಬಿಟ್ಟು ಬರಬಾರದು. ಮಕ್ಕಳು ಇನ್ನೂ ನಮ್ಮ ಕಣ್ಣೆದುರು ಇರುವಾಗಲೇ ಒಂದೊಂದು ಕೆಲಸವನ್ನು ಅವರ ಕೈಗೆ ಕೊಡುತ್ತಾ ಬರಬೇಕು. ತಪ್ಪಿದರೆ ಸಂಜೆ ಮನೆಗೆ ಬಂದು ಹೇಳಲು ಯಾರಾದರೂ ಇರುತ್ತಾರೆ. ಹೊರಗೆ ಹೋದ ಮೇಲೆ ಅದೇ ತಪ್ಪು ದೊಡ್ಡದಾಗುತ್ತದೆ.

ಪ್ರಥಮ ಪಿಯುಸಿಯಿಂದ ನಾವು ಹಾಗೇ ಮಾಡುತ್ತಾ ಬಂದಿದ್ದೇವೆ. ಬಸ್ ಪಾಸಿನ ಅರ್ಜಿ ಅವಳೇ ಹಾಕಿದಳು. ಹಲ್ಲು ನೋವು ಬಂದಾಗ ಡಾಕ್ಟರ ಹತ್ತಿರ ಒಳಗೆ ಅವಳೊಬ್ಬಳೇ ಹೋದಳು, ನಾನು ಹೊರಗೆ ಕೂತಿದ್ದೆ. ಬಂದು 'ರೂಟ್ ಕೆನಾಲ್ ಬೇಡವಂತೆ, ಫಿಲ್ಲಿಂಗ್ ಸಾಕಂತೆ, ಎಷ್ಟಾಗುತ್ತೆ ಅಂತಾನೂ ಕೇಳಿದೆ' ಅಂದಳು. ದುಡ್ಡಿನ ವಿಷಯ ಕೇಳಲು ನನಗೆ ಹೊಳೆಯುತ್ತಿತ್ತೋ ಇಲ್ಲವೋ. ಬಟ್ಟೆ ಒಗೆಯುವುದು, ಅನ್ನ ಸಾರು, ತಿಂಗಳ ಖರ್ಚಿನ ಲೆಕ್ಕ, ಇಷ್ಟು ಆಗಿದೆ.

ಆಗದೇ ಉಳಿದದ್ದು ಕಾಗದ ಪತ್ರದ ಕೆಲಸ. ಎಲ್ಲ ಕಡೆ ನನ್ನ ಮೊಬೈಲ್ ನಂಬರೇ ಇದೆ. ಆಧಾರ್, ಬ್ಯಾಂಕು, ಸ್ಕಾಲರ್‌ಶಿಪ್ಪು, ಎಲ್ಲದಕ್ಕೂ. ನಾನು ಮಾರ್ಕೆಟ್ಟಿನಲ್ಲಿ ಒಂದು ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದುಕೊಂಡು ಚೀಲದೊಳಗೆ ಫೋನು ಹುಡುಕುತ್ತಿರುತ್ತೇನೆ. ಆ ಕಡೆಯಿಂದ 'ಅಮ್ಮಾ, ಬೇಗ ಒಟಿಪಿ ಹೇಳು, ಟೈಮ್ ಮುಗಿಯುತ್ತೆ' ಅಂತ ಕೂಗು.

ನಿಮ್ಮ ಮನೆಗಳಲ್ಲಿ ಯಾವುದನ್ನು ಯಾವಾಗ ಕೊಟ್ಟಿರಿ? ಯಾವುದನ್ನು ಕೊಡಬಾರದು ಅನ್ನಿಸಿತು? ದೊಡ್ಡ ಮಕ್ಕಳಿರುವ ತಾಯಂದಿರು ದಯವಿಟ್ಟು ಬರೆಯಿರಿ.

ವಿಜಯಪುರದ ಅವ್ವ

ಅಕ್ಕಾ, ನೀವು ಹದಿನೆಂಟರ ಮಾತಾಡುತ್ತಿದ್ದೀರಿ. ನಮ್ಮ ಕಡೆ ಎಷ್ಟೋ ತಾಯಂದಿರಿಗೆ ಇದು ಐದನೇ ಕ್ಲಾಸು ಮುಗಿದ ಕೂಡಲೇ ಬರುತ್ತದೆ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಎಲ್ಲ ಶುರುವಾಗುವುದು ಆರನೇ ಕ್ಲಾಸಿಗೆ. ನನ್ನ ಮಗಳು ನವೋದಯಕ್ಕೆ ಹೋದಾಗ ಅವಳಿಗೆ ತನ್ನ ಜಡೆ ತಾನು ಹಾಕಿಕೊಳ್ಳಲು ಬರುತ್ತಿರಲಿಲ್ಲ. ಎರಡು ವಾರ ರಾತ್ರಿ ಕನ್ನಡಿ ಮುಂದೆ ಕೂರಿಸಿ ಕಲಿಸಿದೆ. ಒಳ ಅಂಗಿ, ಟವೆಲ್ಲು, ಚಾದರು, ಎಲ್ಲದರ ಮೇಲೂ ಮಾರ್ಕರ್ ಪೆನ್ನಿನಿಂದ ನಂಬರು ಬರೆದೆವು. ಟ್ರಂಕಿನ ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿದೆ.

ಮೊಬೈಲು ಮಕ್ಕಳ ಹತ್ತಿರ ಇರುವಂತಿಲ್ಲ. ತಿಂಗಳಿಗೊಂದು ಗೊತ್ತಾದ ಭಾನುವಾರ ಭೇಟಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗುತ್ತಿದ್ದೆವು. ಶಾಲೆಯ ಬೇವಿನ ಗಿಡದ ಕೆಳಗೆ ನಮ್ಮಂಥ ಹತ್ತಾರು ಮನೆಯವರು ಗಂಟು ಬಿಚ್ಚಿ ಕೂತಿರುತ್ತಿದ್ದರು. ಮೊದಲ ಅರ್ಧ ತಾಸು ಮಕ್ಕಳು ಬರೀ ಉಣ್ಣುತ್ತಾರೆ. ಆಗ ಏನು ಕೇಳಿದರೂ 'ಹೂಂ', 'ಇಲ್ಲ', ಅಷ್ಟೇ. ಟೆಸ್ಟಿನಲ್ಲಿ ಎಷ್ಟು ಬಂತು, ಯಾಕೆ ಸೊರಗಿದ್ದೀ, ಇದನ್ನೆಲ್ಲ ಕೇಳುವ ತಾಯಿಗೆ ಅಷ್ಟೇ ಸಿಗುತ್ತದೆ. ಸುಮ್ನೆ ಬಡಿಸುತ್ತಾ ಕೂತರೆ, ಹೊಟ್ಟೆ ತುಂಬಿದ ಮೇಲೆ ತಾವೇ ಶುರು ಮಾಡುತ್ತಾರೆ. ಯಾರ ಜೊತೆ ಜಗಳ ಆಯಿತು, ಯಾವ ಸರ್ ಬೈದರು, ರಾತ್ರಿ ಯಾವಾಗ ಅಳು ಬರುತ್ತದೆ, ಎಲ್ಲ. ಭೇಟಿಯ ಕೊನೆಯ ಮುಕ್ಕಾಲು ತಾಸಿನಲ್ಲೇ ನನಗೆ ಮಗಳು ಸಿಗುತ್ತಿದ್ದದ್ದು. ಅದಕ್ಕಾಗಿ ಬಸ್ಸು ತಪ್ಪಿದರೂ ಪರವಾಗಿಲ್ಲ ಅಂತ ಕೂರುತ್ತಿದ್ದೆ.

ಒಂಬತ್ತನೇ ಕ್ಲಾಸಿನಲ್ಲಿ ನವೋದಯದವರು ಸುಮಾರು ಶೇಕಡಾ 30 ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಅಲ್ಲಿಯ ಮಕ್ಕಳು ಇಲ್ಲಿಗೆ ಬರುತ್ತಾರೆ. ನನ್ನ ಮಗಳು ಹಾಗೆ ಉತ್ತರಕ್ಕೆ ಹೋಗಿ ಬಂದಳು. ಆ ವರ್ಷ ಭಾನುವಾರವೂ ಇರಲಿಲ್ಲ. ಬಂದಾಗ ನನಗಿಂತ ಎತ್ತರ ಆಗಿದ್ದಳು, ಹಿಂದಿ ಸರಾಗ. ರೈಲಿನಲ್ಲಿ ಜ್ವರ ಬಂದ ಹುಡುಗಿಯೊಬ್ಬಳನ್ನು ತಾನು ಹೇಗೆ ನೋಡಿಕೊಂಡೆ ಅಂತ ಹೇಳುತ್ತಾ ಇದ್ದಳು. ಕೇಳುತ್ತಾ ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಎರಡೂ ನಿಜ.

ನಿಮಗೆ ನಾನು ಹೇಳುವುದು ಒಂದೇ. ಫೋನಿನಲ್ಲಾದರೂ ಸರಿ, ಮೊದಲ ಹತ್ತು ನಿಮಿಷ ಪ್ರಶ್ನೆ ಬೇಡ.

ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಇಬ್ಬರು

ತುಮಕೂರಿನ ಅಕ್ಕನ ಒಟಿಪಿ ಕಥೆ ನಮ್ಮ ಕೌಂಟರಿನಲ್ಲಿ ದಿನಾ ನಡೆಯುತ್ತದೆ. ಗೊತ್ತಿರುವಷ್ಟು ಹೇಳುತ್ತೇನೆ.

ಮಗಳ ಖಾತೆ ಮೈನರ್ ಖಾತೆಯಾಗಿ ತೆರೆದದ್ದಾದರೆ, 18 ತುಂಬಿದ ಮೇಲೆ ಅದನ್ನು ಅವಳ ಸ್ವಂತ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಹೊಸ ಸಹಿ, ಹೊಸ ಕೆವೈಸಿ. ಅಲ್ಲಿಂದ ಮುಂದೆ ಪೋಷಕರ ಸಹಿ ನಡೆಯುವುದಿಲ್ಲ. ಅವಳೇ ಬ್ರಾಂಚಿಗೆ ಬರಲಿ. ನೀವು ಜೊತೆಗೆ ಬಂದರೂ ಫಾರಂ ಅವಳೇ ತುಂಬಲಿ.

ಮೊಬೈಲ್ ಸಿಮ್ಮನ್ನು 18 ತುಂಬದವರ ಹೆಸರಿಗೆ ಕೊಡುವುದಿಲ್ಲ. ಹಾಗಾಗಿ ಈಗ ಅವಳು ಬಳಸುತ್ತಿರುವ ಸಿಮ್ಮು ನಿಮ್ಮ ಅಥವಾ ಯಜಮಾನರ ಹೆಸರಲ್ಲೇ ಇರುತ್ತದೆ. ಹದಿನೆಂಟಾದ ಮೇಲೆ ಮೊದಲು ಅವಳ ಹೆಸರಿಗೆ ಸಿಮ್ ಮಾಡಿಸಿ. ಆಮೇಲೆ ಆ ನಂಬರನ್ನು ಆಧಾರ್‌ಗೆ ಸೇರಿಸಿ. ಕೊನೆಗೆ ಬ್ಯಾಂಕು. ಈ ಕ್ರಮದಲ್ಲಿ ಹೋದರೆ ಓಡಾಟ ಕಮ್ಮಿ. ಪ್ಯಾನ್ ಮೊದಲೇ ಮಾಡಿಸಿದ್ದರೆ ಅದರಲ್ಲಿ ಅವಳ ಫೋಟೋ, ಸಹಿ ಇರುವುದಿಲ್ಲ. ಅವನ್ನು ಸೇರಿಸಿ ಆ ಕಾರ್ಡನ್ನೂ ಅಪ್‌ಡೇಟ್ ಮಾಡಿಸಬೇಕು.

ಮತದಾರರ ಪಟ್ಟಿಗೆ 17 ತುಂಬಿದ ಮೇಲೆಯೇ ಮುಂಗಡ ಅರ್ಜಿ ಹಾಕಬಹುದು, ಫಾರಂ 6. ಮೊದಲಿನ ಹಾಗೆ ಜನವರಿ 1 ಒಂದೇ ಅಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೂ ವಯಸ್ಸು ಲೆಕ್ಕ ಹಾಕುತ್ತಾರೆ.

ಮಗ ಎಂಟನೇ ಕ್ಲಾಸು ಅಂದಿರಿ. ಅವನಿಗೆ ಹದಿನೆಂಟರವರೆಗೆ ಕಾಯಬೇಡಿ. 10 ವರ್ಷ ತುಂಬಿದ ಮಕ್ಕಳು ಬ್ಯಾಂಕು ಹಾಕಿದ ಮಿತಿಯೊಳಗೆ ತಾವೇ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡನ್ನು ಅವನೇ ಕಟ್ಟಲಿ, ಪಾಸ್‌ಬುಕ್ ಅವನೇ ಹಾಕಿಸಲಿ. ಹದಿಮೂರರ ಹುಡುಗ ಚಲನ್ ತುಂಬಿ ಸಾಲಿನಲ್ಲಿ ನಿಂತರೆ ನಾವು ಕೌಂಟರಿನವರಿಗೂ ಖುಷಿಯಾಗುತ್ತದೆ.

ಪಿಯು ಉಪನ್ಯಾಸಕಿ, ದಕ್ಷಿಣ ಕನ್ನಡ

ನಮ್ಮ ಜಿಲ್ಲೆಯ ವಸತಿ ಕಾಲೇಜುಗಳಿಗೆ ಹಾವೇರಿ, ರಾಯಚೂರು, ಬಾಗಲಕೋಟೆ ಕಡೆಯಿಂದ ತುಂಬಾ ಮಕ್ಕಳು ಬರುತ್ತಾರೆ. ಜೂನ್ ಮಳೆಯಲ್ಲಿ ಸೂಟ್‌ಕೇಸು ಹಿಡಿದು ಇಳಿಯುವ ಅಪ್ಪ ಅಮ್ಮಂದಿರನ್ನು ಪ್ರತಿ ವರ್ಷ ನೋಡುತ್ತೇನೆ. ನನ್ನ ಅನುಭವದಲ್ಲಿ ಹೊಂದಿಕೊಳ್ಳಲು ಹೆಚ್ಚು ಕಷ್ಟ ಪಡುವುದು ಮಾರ್ಕ್ಸು ಕಮ್ಮಿ ಇರುವ ಮಕ್ಕಳಲ್ಲ. ತಟ್ಟೆ ಮುಂದಕ್ಕೆ ಬಂದರೆ ಮಾತ್ರ ಊಟ ಮಾಡಿ ಗೊತ್ತಿರುವ ಮಕ್ಕಳು.

ಒಂದು ವಿಷಯ ಮಾತ್ರ ತುಂಬಾ ಒತ್ತಿ ಹೇಳುತ್ತೇನೆ. ಸಿಇಟಿ ಆಪ್ಷನ್ ಎಂಟ್ರಿಯನ್ನು, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದನ್ನು, ಮಕ್ಕಳೇ ಮಾಡಲಿ. ಎಷ್ಟೋ ಮನೆಗಳಲ್ಲಿ ಅಪ್ಪ ಅಥವಾ ಮಾವ ಸೈಬರ್ ಸೆಂಟರಿನಲ್ಲಿ ಕೂತು ತುಂಬಿ ಬರುತ್ತಾರೆ. ಮಗಳಿಗೆ ತನ್ನ ಪಟ್ಟಿಯಲ್ಲಿ ಮೊದಲ ಕಾಲೇಜು ಯಾವುದು ಅಂತಲೇ ಗೊತ್ತಿರುವುದಿಲ್ಲ. ಕಾಲೇಜುಗಳ ಕ್ರಮವೇ ಅಲ್ಲಿ ಎಲ್ಲ. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಇರುತ್ತದೆ: ಒಪ್ಪಿ ಸೇರುವುದು, ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು, ಇದು ಬೇಡ ಮುಂದಿನದು ನೋಡುತ್ತೇನೆ ಅನ್ನುವುದು, ಪೂರ್ತಿ ಹೊರಗೆ ಬರುವುದು. ಈ ನಾಲ್ಕರ ನಡುವೆ ಆರಿಸುವ ರಾತ್ರಿ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿ. ಕೊನೆಯ ಬಟನ್ ಒತ್ತುವ ಬೆರಳು ಅವಳದಾಗಿರಲಿ. ಮುಂದೆ ನಾಲ್ಕು ವರ್ಷ ಓದುವವಳು ಅವಳು.

ಆದರೆ ಎಲ್ಲವನ್ನೂ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಪಿಯುಸಿ ಓದುವ ಮಗುವಿಗೆ ನಿದ್ದೆಯ ಲೆಕ್ಕ ಇರುವುದಿಲ್ಲ. ಆ ಲೆಕ್ಕ ಅಮ್ಮನೇ ಇಡಬೇಕು. ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಇದೆ, ಚಿಕ್ಕ ಮಗುವಿಗೆ 18 ಆಗುವವರೆಗೆ ಬಳಸಬಹುದು. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಅದನ್ನು ಕೂಸಿನ ಕಾಲಕ್ಕಲ್ಲ, ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ಕಾಲಕ್ಕೆ ಉಳಿಸಿಕೊಳ್ಳುತ್ತಾರೆ. ಪಾಠ ಹೇಳಿಕೊಡಲು ಅಲ್ಲ. ಮನೆಯಲ್ಲಿ ಒಬ್ಬರು ಇದ್ದಾರೆ ಅನ್ನುವ ಧೈರ್ಯಕ್ಕೆ.

ಹಾಸ್ಟೆಲ್ ಹುಡುಗಿ

ನಾನು ಇಲ್ಲಿ ಮಗಳ ಕಡೆಯಿಂದ ಬರೆಯಬಹುದಾ? ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಮನೆ ಚಿತ್ರದುರ್ಗದ ಹತ್ತಿರ.

ಆಂಟಿ, 'ಊಟ ಆಯ್ತಾ' ಅಂತ ಕೇಳುವುದನ್ನು ಮಾತ್ರ ನಿಲ್ಲಿಸಬೇಡಿ. ನಾವು ರೂಮಿನಲ್ಲಿ ಎಷ್ಟೇ ಮುಖ ಮಾಡಿದರೂ ಅದು ಬೇಕು. ಬೇಡದ್ದು ಲೊಕೇಶನ್. ನನ್ನ ಪಕ್ಕದ ರೂಮಿನವಳ ಅಮ್ಮ ಅವಳ ಫೋನಿನ ಲೊಕೇಶನ್ ನೋಡಿಕೊಂಡೇ ಫೋನ್ ಮಾಡುತ್ತಾರೆ. ಅವಳು ಈಗ ಫೋನನ್ನು ರೂಮಿನಲ್ಲೇ ಬಿಟ್ಟು ಹೊರಗೆ ಹೋಗುತ್ತಾಳೆ. ನಿಜವಾಗಿ ಏನಾದರೂ ಆದರೆ ಅವಳ ಹತ್ತಿರ ಫೋನೇ ಇರುವುದಿಲ್ಲ. ಇದು ಯಾರಿಗೆ ಒಳ್ಳೆಯದು?

ಇನ್ನೊಂದು. ಅಮ್ಮಂದಿರು ನಮ್ಮ ವಿಷಯ ಎಲ್ಲ ಕೇಳುತ್ತಾರೆ, ತಮ್ಮದು ಹೇಳುವುದಿಲ್ಲ. ಹೋದ ವರ್ಷ ನನ್ನ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು. ನನಗೆ ಇಂಟರ್ನಲ್ಸ್ ಇದೆ ಅಂತ ಹೇಳಲೇ ಇಲ್ಲ. ರಜೆಗೆ ಹೋದಾಗ ಬಾವಿಯಿಂದ ನೀರು ಸೇದುವುದು ಬೇಡ ಅಂತ ಅಜ್ಜಿ ಗದರಿದಾಗ ಗೊತ್ತಾಯಿತು. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ನಮ್ಮನ್ನು ದೊಡ್ಡವರಾಗಿ ನೋಡಬೇಕು ಅಂದರೆ ಬರೀ ಬ್ಯಾಂಕಿನ ಕೆಲಸ ಕೊಡುವುದಲ್ಲ. ಮನೆಯ ಕಷ್ಟ, ಸಾಲ, ಹುಷಾರಿಲ್ಲದ್ದು, ಇವನ್ನೂ ಹೇಳಬೇಕು. ಕೇಳಿಸಿಕೊಳ್ಳುವ ಶಕ್ತಿ ನಮಗಿದೆ.

ತುಮಕೂರಿನ ಅಮ್ಮ

ಪುಟ್ಟೀ, ನಿನ್ನ ಕೊನೆಯ ಮಾತು ಓದಿ ತುಂಬಾ ಹೊತ್ತು ಕೂತಿದ್ದೆ. ನಮ್ಮ ಮನೆಯ ಸಾಲದ ವಿಷಯ ಮಗಳಿಗೆ ಇನ್ನೂ ಹೇಳಿಲ್ಲ. ಎಜುಕೇಷನ್ ಲೋನ್ ತೆಗೆಯುವುದೋ ಬೇಡವೋ ಅನ್ನುವ ಮಾತು ಅವಳನ್ನು ಬಿಟ್ಟು ನಡೆಯುವುದು ಸರಿಯಲ್ಲ. ಈ ವಾರವೇ ಕೂತು ಹೇಳುತ್ತೇವೆ.

ಒಬ್ಬ ಅಪ್ಪ, ದಾವಣಗೆರೆ

ನಮ್ಮ ತಂದೆ ಒಂದು ಶ್ಲೋಕ ಹೇಳುತ್ತಿದ್ದರು. ಐದು ವರ್ಷ ಮುದ್ದಿಸು, ಹತ್ತು ವರ್ಷ ದಂಡಿಸು, 'ಪ್ರಾಪ್ತೇ ತು ಷೋಡಶೇ ವರ್ಷೇ ಪುತ್ರಂ ಮಿತ್ರವದಾಚರೇತ್'. ಹದಿನಾರಕ್ಕೆ ಗೆಳೆಯನ ಹಾಗೆ ನೋಡು ಅಂತ. ಎಲ್ಲ ಅದರಲ್ಲೇ ಇದೆ ಅನ್ನಿಸುತ್ತದೆ. ನಾನು ನನ್ನ ಮಗನಿಗೆ ಹದಿನಾರಕ್ಕೇ ಸ್ಕೂಟರ್ ಕೊಟ್ಟೆ, ಜವಾಬ್ದಾರಿ ಬಂತು.

ಮೂರು ಗಂಡುಮಕ್ಕಳ ತಾಯಿ, ಹಾವೇರಿ

ಅಣ್ಣಾ, ಶ್ಲೋಕ ನಮ್ಮ ಮನೆಯಲ್ಲೂ ಹೇಳುತ್ತಾರೆ. ಅದರಲ್ಲಿ ಮಗಳ ಮಾತಿಲ್ಲ, ಹತ್ತು ವರ್ಷ ಹೊಡೆಸಿಕೊಂಡ ಹುಡುಗ ಹನ್ನೊಂದನೇ ವರ್ಷ ಗೆಳೆಯ ಆಗುತ್ತಾನೆಯೇ ಅನ್ನುವ ಪ್ರಶ್ನೆಯೂ ಇದೆ. ಅದಿರಲಿ. ಸ್ಕೂಟರ್ ವಿಷಯಕ್ಕೆ ನಾನು ಒಪ್ಪುವುದಿಲ್ಲ.

ಹದಿನಾರಕ್ಕೆ ಸಿಗುವ ಲೈಸೆನ್ಸು ಗೇರ್ ಇಲ್ಲದ, 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಈಗ ಷೋರೂಮಿನಲ್ಲಿ ಸಿಗುವ ಪೆಟ್ರೋಲ್ ಸ್ಕೂಟರುಗಳು ಬಹುತೇಕ 100 ಸಿಸಿ ಮೇಲಿನವು. 2019ರ ತಿದ್ದುಪಡಿ ಆದ ಮೇಲೆ ಅಪ್ರಾಪ್ತ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸೇ ಇಲ್ಲ. ಕಾನೂನು ಪಕ್ಕಕ್ಕಿಡಿ, ನಮ್ಮ ಓಣಿಯಲ್ಲೇ ಒಂದು ಮನೆ ಕತ್ತಲಾಗಿದೆ. ಕೀಲಿ ಕೊಡುವುದಿಲ್ಲ ಅಂತ ನಾನು ಹಟ ಹಿಡಿದಾಗ ನನ್ನ ಎರಡನೆಯವನು ವಾರಗಟ್ಟಲೆ ಮಾತು ಬಿಟ್ಟಿದ್ದ. ಬಿಡಲಿ ಅಂದೆ. ದೊಡ್ಡವರಾಗುತ್ತಿರುವ ಮಕ್ಕಳ ಹತ್ತಿರ 'ಇಲ್ಲ' ಅನ್ನುವುದೂ ಅಮ್ಮನ ಕೆಲಸವೇ. ಚಿಕ್ಕವರಿದ್ದಾಗ ಅದು ಸುಲಭ, ಎತ್ತಿಕೊಂಡು ಹೋದರೆ ಮುಗಿಯಿತು. ತಲೆ ಎತ್ತಿ ನೋಡಬೇಕಾದಷ್ಟು ಎತ್ತರ ಬೆಳೆದ ಮಗನಿಗೆ ಹೇಳುವುದು ಕಷ್ಟ.

ಹಾಗೆಯೇ, ಹೆಣ್ಣುಮಗಳು ಹಾಸ್ಟೆಲ್‌ಗೆ ಹೋಗುವ ಮುಂಚೆ ಅಡುಗೆ ಕಲಿಸುತ್ತೀರಿ. ಗಂಡುಮಗನಿಗೆ? ನನ್ನ ಮೂವರಿಗೂ ರೊಟ್ಟಿ ಬಡಿಯಲು ಬರುತ್ತದೆ. ದೊಡ್ಡವನು ಪುಣೆಯಲ್ಲಿ ರೂಮಿನಲ್ಲಿದ್ದಾನೆ. ಭಾನುವಾರ ಜೋಳದ ರೊಟ್ಟಿ ಮಾಡಿ ಫೋಟೋ ಕಳಿಸುತ್ತಾನೆ. ಅಂಚು ಹರಿದಿರುತ್ತದೆ, ಆದರೂ ಉಬ್ಬಿರುತ್ತದೆ.

ಹಾಸನದ ನರ್ಸ್

ಯಾರೂ ಹೇಳದ ಒಂದು ಮಾತು ಸೇರಿಸುತ್ತೇನೆ. ನಮ್ಮ ಹೆಂಗಸರಿಗೆ ಮುಟ್ಟು ನಿಲ್ಲುವುದು ಸಾಮಾನ್ಯವಾಗಿ 45ರಿಂದ 50ರ ಒಳಗೆ. ಅದಕ್ಕೆ ಕೆಲವು ವರ್ಷ ಮುಂಚಿನಿಂದಲೇ ಏರುಪೇರು ಶುರು. ಮಕ್ಕಳು ಹೈಸ್ಕೂಲು, ಪಿಯುಸಿ ಓದುವ ಕಾಲವೂ ಅದೇ. ಮನೆಯಲ್ಲಿ ಒಬ್ಬರ ಮೈಯಲ್ಲಿ ಹಾರ್ಮೋನು ಏರುತ್ತಿರುತ್ತದೆ, ಇನ್ನೊಬ್ಬರಲ್ಲಿ ಇಳಿಯುತ್ತಿರುತ್ತದೆ. ರಾತ್ರಿ ಬೆವರು, ನಿದ್ದೆ ಇಲ್ಲ, ಸಣ್ಣ ಮಾತಿಗೆ ಕಣ್ಣಲ್ಲಿ ನೀರು. ಎಲ್ಲರೂ 'ಮಗಳು ಹೋದಳಲ್ಲ, ಅದಕ್ಕೆ ಬೇಜಾರು' ಅಂದುಬಿಡುತ್ತಾರೆ. ಇರಬಹುದು. ಆದರೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿಪಿ ಒಂದು ಸಲ ನೋಡಿಸಿಕೊಳ್ಳಿ. ರಕ್ತಸ್ರಾವ ಜಾಸ್ತಿ ಆದರೆ 'ಈ ವಯಸ್ಸಿಗೆ ಹೀಗೇ' ಅಂತ ಸುಮ್ಮನಿರಬೇಡಿ. ಮುಟ್ಟು ನಿಂತು ವರ್ಷ ಆದ ಮೇಲೆ ಮತ್ತೆ ಕಂಡರಂತೂ ತಡ ಮಾಡದೆ ತೋರಿಸಿ.

ವಾರಗಟ್ಟಲೆ ಮನಸ್ಸು ಮೇಲೇಳದೆ ಇದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಾಸ್ಟೆಲಿನಲ್ಲಿರುವ ಮಕ್ಕಳ ಫೋನಿನಲ್ಲೂ ಈ ನಂಬರು ಇರಲಿ.

ಶಿವಮೊಗ್ಗದಿಂದ, ಸದ್ಯಕ್ಕೆ ನ್ಯೂಜೆರ್ಸಿ

ನನ್ನದು ಇದರ ಮುಂದಿನ ಹಂತ. ಮಗಳ ಬಾಣಂತನಕ್ಕೆ ಬಂದಿದ್ದೇನೆ. ಇಲ್ಲಿ ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ. ಆದ್ದರಿಂದ ನನ್ನ ನಂತರ ಬೀಗಿತ್ತಿ ಬರುತ್ತಾರೆ. ಇಲ್ಲಿಯ ಕನ್ನಡದ ಮನೆಗಳಲ್ಲಿ ಇದೇ ವಾಡಿಕೆ.

ಊರಲ್ಲಿ ಬಾಣಂತನ ಅಂದರೆ ತಾಯಿಯ ಮನೆ, ತಾಯಿಯ ಮಾತು. ಇಲ್ಲಿ ಮನೆ ಮಗಳದು. ಒಲೆ ಅವಳದು, ನಿಯಮ ಅವಳ ಡಾಕ್ಟರದು. ಮಗುವನ್ನು ಅಂಗಾತ ಮಲಗಿಸಬೇಕು, ತಲೆದಿಂಬು ಬೇಡ, ಹೊದಿಕೆ ಬೇಡ. ನಾನು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಬೇಕು ಅಂತ ಊರಿಂದ ತಂದಿದ್ದೆ. ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು ಅಂತ ಮಗಳು ಹೇಳಿದಳು. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾವನ್ನು ಕೂಸಿನ ಹೊಟ್ಟೆ ತಡೆಯುವುದಿಲ್ಲವಂತೆ. ಡಾಕ್ಟರು ನನ್ನ ಎದುರಿಗೇ ಅದನ್ನು ಬಿಡಿಸಿ ಹೇಳಿದರು. ಬಜೆ, ಜೇನು ಎರಡನ್ನೂ ಎತ್ತಿಟ್ಟೆ. ಇನ್ನು ನನ್ನ ಮಾತು ನಡೆದದ್ದೂ ಇದೆ. ಮೆಂತ್ಯದ ಗಂಜಿ, ಬೆಳ್ಳುಳ್ಳಿ ಸಾರು, ಮಗಳ ಸೊಂಟಕ್ಕೆ ಎಣ್ಣೆ ಹಚ್ಚಿ ಬಿಸಿನೀರು. ಸ್ನಾನ ಆದ ಮೇಲೆ ಅವಳು ಮಲಗಿದರೆ ಎರಡು ಗಂಟೆ ಎಚ್ಚರವೇ ಇರುವುದಿಲ್ಲ. ಆ ಎರಡು ಗಂಟೆ ಮಗು ನನ್ನ ತೋಳಿನ ಮೇಲೆ.

ಇಲ್ಲಿ ನಾನು ಮಗುವಿನ ಅಜ್ಜಿ. ಮಗುವಿನ ಅಮ್ಮ ಅವಳು. ಮಗು ಅತ್ತಾಗ ಮೊದಲು ಏಳಬೇಕಾದವಳು ಅವಳೇ. ನಾನು ಏಳಬೇಕಾದದ್ದು ಅವಳು ಕರೆದಾಗ. ಆದರೆ ಕರೆದಾಗ ತಕ್ಷಣ ಏಳಬೇಕು.

ಕೊಪ್ಪದ ಅಜ್ಜಿ (ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ)

ಶಿವಮೊಗ್ಗದವರೇ, ಸರಿಯಾಗಿ ಹೇಳಿದಿರಿ. ನಾನು ಸೊಸೆ ಬಂದು ವರ್ಷ ತುಂಬುವುದರೊಳಗೆ ಉಗ್ರಾಣದ ಬೀಗದಕೈ ಕೊಟ್ಟೆ. ನನ್ನ ಅತ್ತೆ ನನಗೆ ಕೊಟ್ಟದ್ದು ಅವರು ಹಾಸಿಗೆ ಹಿಡಿದ ಮೇಲೆ. ಅಷ್ಟು ವರ್ಷ ಒಂದು ಸೇರು ಅಕ್ಕಿಗೂ ಕೇಳಿ ತೆಗೆಯಬೇಕಿತ್ತು. ಅದು ಬೇಡ ಅಂತ ಆಗಲೇ ಗಟ್ಟಿ ಮಾಡಿಕೊಂಡಿದ್ದೆ. ಉಪ್ಪಿನಕಾಯಿ ಮಾತ್ರ ಈಗಲೂ ನನ್ನದು. ಅಪ್ಪೆಮಿಡಿ ಆರಿಸಲು ಕಣ್ಣು ಸಾಲುವುದಿಲ್ಲ, ಸೊಸೆ ಪಕ್ಕದಲ್ಲಿ ಕೂತು ಆರಿಸಿಕೊಡುತ್ತಾಳೆ, ಉಪ್ಪಿನ ಹದ ನಾನು ಹೇಳುತ್ತೇನೆ.

ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಅದರಿಂದ ಗೃಹಲಕ್ಷ್ಮಿಯ ಎರಡು ಸಾವಿರ ನನ್ನ ಖಾತೆಗೆ ಬರುತ್ತದೆ. ಅದು ಬಂದಾಗ ನಾನೂ ಸೊಸೆಯೂ ಕೂತು ಮಾತಾಡಿಕೊಂಡೆವು. ಅರ್ಧ ಅವಳ ಸಂಘದ ಕಂತಿಗೆ, ಅರ್ಧ ನನ್ನ ಔಷಧಿಗೆ. ಶಕ್ತಿ ಯೋಜನೆ ಬಂದ ಮೇಲೆ ಮಗಳ ಮನೆಗೆ ಹೋಗಲು ಮಗನ ಹತ್ತಿರ ಬಸ್ ಚಾರ್ಜು ಕೇಳುವ ಹಂಗಿಲ್ಲ. ಆಧಾರ್ ಕಾರ್ಡು ತೋರಿಸಿ ಹತ್ತುತ್ತೇನೆ.

ಒಬ್ಬಳೇ ಬೆಳೆಸಿದವಳು

ಇಲ್ಲಿ 'ಪೋಷಕರ ಸಹಿ' ಅಂತ ಓದಿದಾಗ ಬರೆಯಬೇಕು ಅನ್ನಿಸಿತು. ಮಗ ಚಿಕ್ಕವನಿದ್ದಾಗ ಪ್ರತಿ ಫಾರಂನಲ್ಲೂ ತಂದೆಯ ಸಹಿ ಎಲ್ಲಿ ಅಂತ ಕೇಳುತ್ತಿದ್ದರು. ತಂದೆ ಜವಾಬ್ದಾರಿಯಲ್ಲಿ ಇಲ್ಲದಾಗ ತಾಯಿಯೂ ಸಹಜ ಪಾಲಕಿ ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಪಾಸ್‌ಪೋರ್ಟಿಗೆ ಒಬ್ಬರ ಹೆಸರು ಸಾಕು ಅಂತ 2016ರ ಕೊನೆಯಲ್ಲಿ ನಿಯಮ ಬಂತು, ಪ್ಯಾನ್‌ಗೆ 2018ರಲ್ಲಿ. ಆ ಸಹಿಗಾಗಿ ಅಷ್ಟು ಹೋರಾಡಿದ ನನಗೆ, ಮಗನಿಗೆ 18 ಆದಾಗ 'ಇನ್ನು ನಿಮ್ಮ ಸಹಿ ಬೇಡ ಮೇಡಂ' ಅಂದದ್ದು ಕೇಳಿ ಹಗುರವಾಯಿತು. ನಿಜವಾಗಿಯೂ.

ಕೆಲಸಕ್ಕೆ ಸೇರಿದ ಮಕ್ಕಳಿರುವವರಿಗೆ ಒಂದು ಮಾತು. ಅವರು ಪಿಎಫ್ ನಾಮಿನಿ ಅಂತ ನಿಮ್ಮ ಹೆಸರು ಹಾಕಿರುತ್ತಾರೆ. ಮದುವೆ ಆದ ಮೇಲೆ ಆ ನಾಮಿನೇಷನ್ ನಡೆಯುವುದಿಲ್ಲ, ಹೊಸದಾಗಿ ಕೊಡಬೇಕು. ಮದುವೆಯ ಗಡಿಬಿಡಿಯಲ್ಲಿ ಮರೆಯುತ್ತಾರೆ. ನೀವೇ ನೆನಪಿಸಿ. ನಿಮ್ಮ ಬಾಯಿಂದ ಬಂದರೆ ಸೊಸೆಗೂ ಸಮಾಧಾನ.

ತುಮಕೂರಿನ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಸಾಲದ ವಿಷಯ ಮಗಳಿಗೆ ಹೇಳಿದೆವು. ಅವಳು ಅತ್ತಾಳು ಅಂದುಕೊಂಡಿದ್ದೆ. ನೋಟ್‌ಬುಕ್ ತೆಗೆದು ಕಂತು ಎಷ್ಟು, ಯಾವಾಗ ಮುಗಿಯುತ್ತದೆ ಅಂತ ಬರೆದುಕೊಂಡಳು. ಆಮೇಲೆ ಆಪ್ಷನ್ ಪಟ್ಟಿಯಲ್ಲಿ ಫೀಸು ಜಾಸ್ತಿ ಇರುವ ಎರಡು ಕಾಲೇಜನ್ನು ತಾನೇ ಕೆಳಗೆ ಹಾಕಿದಳು. ಒಂದನ್ನು ಮೇಲೆಯೇ ಇರಲಿ ಅಂತ ಅವರಪ್ಪ ಹೇಳಿದರು, ಅದಕ್ಕೆ ವಾದ ನಡೆಯಿತು, ಅವಳು ಒಪ್ಪಿದಳು. ಸಿಮ್ಮು ಮುಂದಿನ ತಿಂಗಳು ಅವಳ ಹೆಸರಿಗೆ ಆಗುತ್ತದೆ. ಮಗನ ಬ್ಯಾಂಕ್ ಖಾತೆಯೂ ಆಗಬೇಕು. ಹಾವೇರಿಯ ಅಕ್ಕ ಹೇಳಿದ ಮೇಲೆ ಅವನಿಗೆ ಚಪಾತಿ ಲಟ್ಟಿಸುವುದು ಶುರುವಾಗಿದೆ.

ಮೈಸೂರಿನ ಅಮ್ಮ

ತಡವಾಗಿ ಬರುತ್ತಿದ್ದೇನೆ. ಎಲ್ಲ ಓದಿದೆ. ನನ್ನ ಮನೆಯ ಕಥೆ ಬೇರೆ, ಆದರೂ ಇಲ್ಲೇ ಸೇರಬೇಕು ಅನ್ನಿಸಿತು.

ನನ್ನ ಮಗನಿಗೆ ಆಟಿಸಂ. ಈಗ ಇಪ್ಪತ್ತೆರಡು. ಅವನಿಗೆ ಹದಿನೆಂಟಾದ ದಿನ ಕಾನೂನಿನ ಕಣ್ಣಲ್ಲಿ ಅವನೂ ಪ್ರಾಪ್ತ ವಯಸ್ಕ. ನನ್ನ ಸಹಿ ಅವನ ಖಾತೆಗೆ ನಡೆಯಲಿಲ್ಲ, ಅವನಿಗೆ ಸಹಿ ಹಾಕಲು ಬರುವುದಿಲ್ಲ. ಇಂಥ ಮನೆಗಳಿಗಾಗಿಯೇ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 18ರ ನಂತರ ಪಾಲಕರನ್ನು ನೇಮಿಸಿಕೊಳ್ಳಬಹುದು. ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸ್ಥಳೀಯ ಮಟ್ಟದ ಸಮಿತಿ ಆ ಆದೇಶ ಕೊಡುತ್ತದೆ. ಅವನ ತಾಯಿ ಅನ್ನಿಸಿಕೊಳ್ಳಲು ನಾನು ಮತ್ತೆ ಅರ್ಜಿ ಹಾಕಿದೆ.

ಆದರೆ ತುಮಕೂರಿನವರು ಹೇಳಿದ ಹಾಗೆ ಒಂದೊಂದೇ ಕೊಡುವುದು ನಮ್ಮಲ್ಲೂ ನಡೆಯುತ್ತಿದೆ. ನಿಧಾನ, ತುಂಬಾ ನಿಧಾನ. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸಲು ವರ್ಷ ಹಿಡಿಯಿತು. ಈಗ ಬೆಳಿಗ್ಗೆ ಹಾಲು ತರುವುದು ಅವನ ಕೆಲಸ. ಚಿಲ್ಲರೆ ಎಣಿಸಲು ಬರುವುದಿಲ್ಲ, ಅದಕ್ಕೆ ಸರಿಯಾದ ದುಡ್ಡನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಡುತ್ತೇನೆ. ಅಂಗಡಿಯವರು ಡಬ್ಬಿ ತೆಗೆದುಕೊಂಡು ಪ್ಯಾಕೆಟ್ಟು ಕೊಡುತ್ತಾರೆ. ಮೊದಮೊದಲು ನಾನು ಹಿಂದೆಯೇ ಹೋಗುತ್ತಿದ್ದೆ. ಆಮೇಲೆ ಮೂಲೆಯವರೆಗೆ. ಈಗ ಗೇಟಿನ ಹತ್ತಿರ ನಿಲ್ಲುತ್ತೇನೆ.

ನಿಮ್ಮ ಮಕ್ಕಳು ದೂರ ಹೋಗುತ್ತಿದ್ದಾರೆ ಅಂತ ಅಳು ಬಂದರೆ ಅಳಿ. ಅದು ಸಣ್ಣ ವಿಷಯವೇನಲ್ಲ. ನನಗೂ ನನ್ನ ನಂತರ ಯಾರು ಅನ್ನುವ ಚಿಂತೆ ಇದೆ, ಅದನ್ನು ನನ್ನ ತಂಗಿಯ ಜೊತೆ ಕೂತು ಕಾಗದದಲ್ಲಿ ಬರೆದಿಡುತ್ತಿದ್ದೇವೆ.

ಹಾಸನದ ನರ್ಸ್

ಅಕ್ಕಾ, ನಮ್ಮ ಆಸ್ಪತ್ರೆಗೆ ಬರುವ ಒಬ್ಬ ತಾಯಿಗೆ ಇದೇ ಬೇಕಾಗಿತ್ತು. ಮಗಳಿಗೆ ಮುಂದಿನ ವರ್ಷ ಹದಿನೆಂಟು. ಅರ್ಜಿ ಎಲ್ಲಿ ಕೊಡಬೇಕು?

ಮೈಸೂರಿನ ಅಮ್ಮ

ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ಕೇಳಲು ಹೇಳಿ, ಅವರು ಸಮಿತಿಯ ದಾರಿ ತೋರಿಸುತ್ತಾರೆ. ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ಗುರುತಿನ ಚೀಟಿ, ಈಗಲೇ ಮಾಡಿಸಿಟ್ಟುಕೊಳ್ಳಲಿ. ಅದಿಲ್ಲದೆ ಮುಂದಿನ ಕೆಲಸ ನಿಧಾನವಾಗುತ್ತದೆ. ವಯಸ್ಸಿನ ದಾಖಲೆ, ತಾಯಿ ತಂದೆಯ ಆಧಾರ್ ಜೊತೆಗಿರಲಿ. ನಿರಾಮಯ ಅಂತ ಆರೋಗ್ಯ ವಿಮೆಯೂ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಅದಕ್ಕೆ ಹದಿನೆಂಟರವರೆಗೆ ಕಾಯಬೇಕಾಗಿಲ್ಲ, ಈಗಲೇ ಸೇರಿಸಬಹುದು. ಆ ತಾಯಿಗೆ ಮೊದಲ ಸಲ ಒಬ್ಬರೇ ಹೋಗಲು ಅಳುಕಿದ್ದರೆ ಇಲ್ಲಿ ಬರೆಯಲು ಹೇಳಿ. ಹಾಸನ ದೂರವಲ್ಲ, ನಾನು ಬರುತ್ತೇನೆ.